ಹಟ್ಟಿಯ ಅಂಚಿನ ಮರಗಳ ಕೆಳಗೆ

ಹಟ್ಟಿಯಲ್ಲಿ ಸಾವಾದಾಗ ನಾವು ನಿಲ್ಲುವ ಜಾಗವೊಂದಿದೆ. ಶವವನ್ನು ಇರಿಸುವ ಬಯಲಿಗೂ ಚಹಾ ತೋಟದ ಮೊದಲ ಸಾಲಿಗೂ ನಡುವೆ, ಸಿಲ್ವರ್ ಓಕ್ ಮರಗಳ ಕೆಳಗೆ. ಅಲ್ಲಿಯೇ ನಿಲ್ಲಬೇಕೆಂದು ಯಾರೂ ನಮಗೆ ಹೇಳಿದ್ದಿಲ್ಲ. ಮುಂದಕ್ಕೆ ಬರಬೇಡಿರೆಂದೂ ಹೇಳಿದ್ದಿಲ್ಲ. ನಮ್ಮ ತಂದೆಯವರು ಅಲ್ಲಿ ನಿಲ್ಲುತ್ತಿದ್ದರು, ಅವರ ತಂದೆಯವರೂ ಅಲ್ಲಿಯೇ ನಿಲ್ಲುತ್ತಿದ್ದರಂತೆ. ನಾವೂ ನಿಂತೆವು. ಹೀಗೆ ನಿಂತು ನಿಂತು ಆ ಜಾಗ ನಮ್ಮದೇ ಆಯಿತು.

ನಾವು ಬಡಗರು, ಕ್ರೈಸ್ತರು. ಈ ಎರಡು ಮಾತುಗಳ ನಡುವೆ ಯಾವ ಅವ್ಯಯವನ್ನು ಇಡಬೇಕೆಂಬುದು ನಮ್ಮ ಮನೆತನದ ನಾಲ್ಕು ತಲೆಮಾರಿನ ಪ್ರಶ್ನೆ. ಹಟ್ಟಿಯವರ ಬಾಯಲ್ಲಿ ನಾವು ‘ಬಡಗರು, ಆದರೆ ಕ್ರೈಸ್ತರು’. ಬಯಲುಸೀಮೆಯಿಂದ ಬಂದು ನಮ್ಮೊಡನೆ ಆರಾಧನೆಗೆ ಕೂರುವ ಬಂಧುಗಳಿಗೆ ‘ಕ್ರೈಸ್ತರು, ಆದರೆ ಬಡಗರು’. ಕನ್ನಡ ಸಂಘದ ಮೆಟ್ಟಿಲು ಹತ್ತಿದರೆ ಮೂರನೆಯ ಪ್ರಶ್ನೆ ಕಾದಿರುತ್ತದೆ: ‘ನಿಮ್ಮದು ಕನ್ನಡವೇ?’ ಸದಸ್ಯರು ಮುನಿಯಬಾರದು. ಪ್ರೀತಿಯಿಂದಲೇ ಕೇಳುತ್ತಾರೆಂಬುದನ್ನು ಬಲ್ಲೆವು. 2011ರ ಜನಗಣತಿಯಲ್ಲಿ ಬಡಗವನ್ನು ಮಾತೃಭಾಷೆಯೆಂದು ಬರೆಯಿಸಿದ ಸುಮಾರು 1,33,000 ಮಂದಿಯನ್ನು ಸರಕಾರವು ಕನ್ನಡದ ಶೀರ್ಷಿಕೆಯಡಿ ಸೇರಿಸಿ ಎಣಿಸಿದೆ. ನಮ್ಮವರಲ್ಲಿ ಬಹಳ ಜನ ಅದನ್ನು ಒಪ್ಪುವುದಿಲ್ಲ, ಬಡಗ ಸ್ವತಂತ್ರ ಭಾಷೆಯೆನ್ನುತ್ತಾರೆ. ಆ ವ್ಯಾಜ್ಯವನ್ನು ಪಂಡಿತರಿಗೆ ಬಿಡೋಣ. ತಮಿಳಿನ ‘ಪಾಲು’ ನಮ್ಮ ಬಾಯಲ್ಲಿ ‘ಹಾಲು’. ಬಡಗನೆಂದರೆ ಬಡಗಣ ದಿಕ್ಕಿನಿಂದ, ಮೈಸೂರು ಸೀಮೆಯಿಂದ, ಬೆಟ್ಟ ಹತ್ತಿ ಬಂದವನು. ಇಷ್ಟು ಸಂಬಂಧ ನಮಗೆ ಸಾಕು.

ಗೂಡಲೂರು, ಮಸಿನಗುಡಿಗಳ ಕಡೆಯಿಂದ ಸಮ್ಮೇಳನಕ್ಕೆ ಬರುವವರಲ್ಲಿ ಅನೇಕರಿಗೆ ಕೇತ್ತಿಯ ಕಣಿವೆ ರೈಲಿನ ಕಿಟಕಿಯಿಂದ ಕಂಡ ನೋಟವಷ್ಟೇ. ಅಲ್ಲಿಯ ಕಥೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಅಲ್ಲಿ ನೆಲೆಸಿ, ಬಡಗರ ಮಕ್ಕಳಿಗೆ ಓದು ಬರಹ ಕಲಿಸಬೇಕೆಂದು ಬಾಸೆಲ್ ಮಿಷನ್ನಿನವರನ್ನು 1846ರಲ್ಲಿ ಕರೆಯಿಸಿಕೊಂಡರು. 1849ರಲ್ಲಿ ತೀರಿಕೊಂಡಾಗ ತಮ್ಮ ಆಸ್ತಿಯನ್ನು ಆ ಕೆಲಸಕ್ಕೆ ಬಿಟ್ಟುಹೋದರು. ಬಂದ ಪಾದ್ರಿಗಳು ಮಂಗಳೂರು, ಧಾರವಾಡಗಳ ಬಳಗಕ್ಕೆ ಸೇರಿದವರು. ಅವರ ಕೈಯಲ್ಲಿದ್ದದ್ದು ಕನ್ನಡ ಪುಸ್ತಕ. ಹಟ್ಟಿಯಿಂದ ಹಟ್ಟಿಗೆ ನಡೆದು ಮಾತು ಕಲಿತ ಮೆಟ್ಸ್ ಪಾದ್ರಿಗಳು ಬೆಟ್ಟದ ಜನರ ಕುರಿತು ಬರೆದ ಪುಸ್ತಕದ ವಿಸ್ತೃತ ಮುದ್ರಣವು 1864ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಇಷ್ಟೆಲ್ಲ ನಡೆದರೂ ಮೊದಲ ಬಡಗನ ದೀಕ್ಷಾಸ್ನಾನಕ್ಕೆ ಹನ್ನೆರಡು ವರ್ಷ ಹಿಡಿಯಿತು. 1858ರ ಜನವರಿಯಲ್ಲಿ ಹಾಲಯ್ಯನೆಂಬವರು ನೀರಿನಿಂದೆದ್ದು ಅಬ್ರಹಾಮನೆಂಬ ಹೆಸರನ್ನು ಪಡೆದರು.

ಆ ಹೆಸರನ್ನು ಯಾರು ಆರಿಸಿದರೋ, ಬಲು ಯೋಚಿಸಿಯೇ ಆರಿಸಿರಬೇಕು. ತಂದೆಯ ಮನೆಯನ್ನೂ ಬಂಧುಬಳಗವನ್ನೂ ಬಿಟ್ಟು ಕಾಣದ ದೇಶಕ್ಕೆ ಹೊರಟವನ ಹೆಸರದು. ಆದರೆ ವೇದದ ಅಬ್ರಹಾಮನಿಗಿದ್ದ ಒಂದು ಅನುಕೂಲ ನಮ್ಮ ಅಬ್ರಹಾಮನಿಗಿರಲಿಲ್ಲ. ಆತ ಹೊರಟೇಹೋದನು. ನಮ್ಮವರು ಬಿಟ್ಟದ್ದನ್ನು ದಿನವೂ ನೋಡುತ್ತ ಅದೇ ಕಣಿವೆಯಲ್ಲಿ ಬಾಳಬೇಕಾಯಿತು. ಅದೇ ತೊರೆಯ ನೀರು, ಅದೇ ದಾರಿ, ಸಂಜೆ ಎಮ್ಮೆಗಳನ್ನು ಹೊಡೆದುಕೊಂಡು ಎದುರಿಗೆ ಬರುವ ಅದೇ ಅಣ್ಣತಮ್ಮಂದಿರು. ಧರ್ಮ ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂದು 1850ರಲ್ಲಿಯೇ ಕಾನೂನಾಗಿತ್ತು, ನಿಜ. ಆದರೆ ಹೊಲದಲ್ಲಿ ಪಾಲು ಕೊಡಿಸಬಲ್ಲ ಕಾನೂನು ಸಾವಿನ ಮನೆಯಲ್ಲಿ ಪಾಲು ಕೊಡಿಸಲಾರದು.

ನಮ್ಮ ಮುತ್ತಜ್ಜ ದೀಕ್ಷೆ ಪಡೆದದ್ದು ಇದಾಗಿ ಒಂದು ತಲೆಮಾರು ಕಳೆದ ಮೇಲೆ. ಅವರ ತಮ್ಮ ಹಟ್ಟಿಯಲ್ಲಿಯೇ ಉಳಿದರು. ಅಣ್ಣನ ಸಂತಾನ ನಾವು. ತಮ್ಮನ ಸಂತಾನ ಇಂದಿಗೂ ಗುಡ್ಡದ ಆಚೆ ಬದಿಯ ಹಟ್ಟಿಯಲ್ಲಿದೆ. ನಡುವೆ ಅರ್ಧ ಗಂಟೆಯ ನಡಿಗೆ. ಹಬ್ಬಕ್ಕೆ ಅಲ್ಲಿಂದ ತುಪ್ಪದಿಟ್ಟು ಬರುತ್ತದೆ, ಕ್ರಿಸ್ಮಸ್ಸಿಗೆ ಇಲ್ಲಿಂದ ಕೇಕು ಹೋಗುತ್ತದೆ. ಜನವರಿಯಲ್ಲಿ ಹೆತ್ತೆ ಹಬ್ಬ ಬಂದಾಗ ಬಿಳಿಯ ಬಟ್ಟೆಯುಟ್ಟ ಜನ ಸಾಲುಗಟ್ಟಿ ಬೇರಗಣಿಯ ಕಡೆಗೆ ನಡೆಯುವುದನ್ನು ನಾವು ರಸ್ತೆಯ ಬದಿಯಲ್ಲಿ ನಿಂತು ನೋಡುತ್ತೇವೆ. ಹೆತ್ತೆಯೆಂದರೆ ನಮ್ಮ ಮಾತಿನಲ್ಲಿ ಅಜ್ಜಿ. ದೇವರೆಂದು ಆಕೆಗೆ ಕೈಮುಗಿಯುವುದನ್ನು ಮುತ್ತಜ್ಜ ಬಿಟ್ಟರು, ಸರಿ. ಅಜ್ಜಿಯೆಂಬುದನ್ನೂ ಬಿಟ್ಟರೇ? ಚಿಕ್ಕವರಿದ್ದಾಗ ಇದನ್ನು ಕೇಳಿ ತಂದೆಯವರಿಂದ ಬೈಸಿಕೊಂಡಿದ್ದೇವೆ. ಬೈದರೇ ಹೊರತು ಉತ್ತರ ಕೊಡಲಿಲ್ಲ.

ಉತ್ತರದ ಎಳೆ ದೊರೆತದ್ದು ಎಣಿಸದ ಕಡೆಯಿಂದ. ನಮ್ಮ ಮಗಳು ಅಮೆರಿಕದ ಓಹಾಯೋ ರಾಜ್ಯದಲ್ಲಿ ಕೆಲಸದಲ್ಲಿದ್ದಾಳೆ. ಕೆಲವು ವರ್ಷಗಳ ಹಿಂದೆ ಡಿಸೆಂಬರಿನ ರಜೆಗೆ ಬರುವಾಗ ಒಬ್ಬ ಗೆಳತಿಯನ್ನು ಕರೆತಂದಳು. ಮೈಸೂರಿನಿಂದ ಬಂಡೀಪುರ, ಮಸಿನಗುಡಿ ದಾಟಿ, ಕಲ್ಲಟ್ಟಿಯ 36 ತಿರುವುಗಳನ್ನು ಹತ್ತಿ, ಮುಖ ಬಿಳಿಚಿಕೊಂಡು ಬಂದಿಳಿದ ಆ ಹುಡುಗಿಗೆ ನಮ್ಮ ಅತ್ತೆ, ಎಂದರೆ ತಂದೆಯವರ ತಂಗಿ, ಮೊದಲು ಕೊಟ್ಟದ್ದು ಬಿಸಿ ಕಾಫಿ. ಎರಡನೆಯದಾಗಿ ಕೇಳಿದ್ದು, ‘ನಿಮ್ಮದು ಯಾವ ಸಭೆ?’ ಬಿಳಿಯ ಮುಖ ಕಂಡರೆ ಕ್ರೈಸ್ತರೆಂದೇ ಅತ್ತೆಯ ಲೆಕ್ಕ. ಆಕೆ ನಕ್ಕು ಹೇಳಿದಳು: ತಾಯಿತಂದೆ ಕ್ರೈಸ್ತರು, ತಾತ ಪಾದ್ರಿ, ತಾನು ಮಾತ್ರ ಯೆಹೂದ್ಯಳಾಗಿದ್ದಾಳೆ.

ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅಯ್ಯೋ ಮಗಳೇ, ನೀನು ಹಿಂದಕ್ಕೆ ನಡೆದೆಯಲ್ಲ’ ಎಂದರು. ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ.

ಮುಂದಿನ ದಿನಗಳಲ್ಲಿ ಅಡುಗೆಮನೆಯ ಒಲೆಯ ಮುಂದೆ ಕೂತು ಆಕೆ ಹೇಳಿದ ಸಂಗತಿಗಳು ನಮಗೆ ತೀರ ಹೊಸವು, ತೀರ ಹಳೆಯವು. ಯೆಹೂದ್ಯರು ಯಾರನ್ನೂ ಕರೆಯುವುದಿಲ್ಲವಂತೆ. ಬರುತ್ತೇನೆಂದವರನ್ನು ಮೊದಲು ರಬ್ಬಿಯೇ ಹಿಂದಕ್ಕೆ ಕಳುಹಿಸುವ ಪದ್ಧತಿಯಿದೆಯಂತೆ. ಆಕೆಯೂ ಹಾಗೆ ತಿರುಗಿ ಬಂದು, ಮತ್ತೆ ಹೋಗಿ, ಒಂದು ವರ್ಷಕ್ಕೂ ಮೇಲ್ಪಟ್ಟು ಓದಿ, ಮೂವರು ಹಿರಿಯರ ಮುಂದೆ ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಕೊನೆಗೆ ನೀರಿನಲ್ಲಿ ಮುಳುಗಿ ಎದ್ದಳು. ಎದ್ದಾಗ ಕೊಟ್ಟ ಹೆಸರಿನ ಕೊನೆಗೆ ‘ಅಬ್ರಹಾಮನ ಮಗಳು’ ಎಂದು ಸೇರಿಸಿದರಂತೆ. ಹುಟ್ಟಿದ ಯೆಹೂದ್ಯರು ತಮ್ಮ ತಂದೆಯ ಹೆಸರನ್ನು ಹೇಳುವ ಕಡೆ, ಬಂದು ಸೇರಿದವರೆಲ್ಲ ಅಬ್ರಹಾಮನ ಹೆಸರನ್ನು ಹೇಳುವರು. ಇದನ್ನು ಕೇಳಿ ನಮ್ಮ ಅಣ್ಣ ಎದ್ದು ಒಳಗೆ ಹೋಗಿ, ಮನೆಯ ಹಳೆಯ ಸತ್ಯವೇದದ ಮೊದಲ ಹಾಳೆಯಲ್ಲಿ ಮುತ್ತಜ್ಜ ಬರೆದಿಟ್ಟ ಹೆಸರುಗಳ ಪಟ್ಟಿಯನ್ನು ತಂದು ತೋರಿಸಿದರು. ಕನ್ನಡ ಅಕ್ಷರಗಳಲ್ಲಿ ಆರಂಭವಾಗುವ ಆ ವಂಶಾವಳಿಯಲ್ಲಿ ಮುತ್ತಜ್ಜನ ತಂದೆಯ ಹೆಸರಿಲ್ಲ.

ಆಕೆಯ ಊರಿನಲ್ಲಿ ನವೆಂಬರ್ ಕಳೆಯಿತೆಂದರೆ ಅಂಗಡಿ, ಬೀದಿ, ಆಫೀಸು ಎಲ್ಲೆಲ್ಲೂ ಕ್ರಿಸ್ಮಸ್ಸಿನ ಹಾಡು. ಚಿಕ್ಕಂದಿನಿಂದ ಹಾಡಿದ ಹಾಡುಗಳೇ. ತುಟಿ ತಾನಾಗಿಯೇ ಆಡುತ್ತದೆ, ಆಮೇಲೆ ನೆನಪಾಗಿ ನಿಲ್ಲುತ್ತದೆ. ತಾಯಿಯ ಮನೆಯ ಊಟದ ಮೇಜಿಗೆ ಆಕೆ ಇಂದಿಗೂ ಹೋಗುತ್ತಾಳೆ. ಹಂದಿಮಾಂಸದ ತಟ್ಟೆಯನ್ನು ಆಕೆಯ ಕೈಗೆ ಕೊಡದೆ ದಾಟಿಸುವರು. ಆಗ ಮೇಜಿನ ಸುತ್ತ ಒಂದು ಕ್ಷಣ ಮೌನ. ‘ಮಾಂಸ ಬಿಟ್ಟದ್ದು ಕಷ್ಟವಲ್ಲ, ಆ ಮೌನ ಕಷ್ಟ’ ಎಂದಳು. ಇತ್ತ ಸಭಾಮಂದಿರದಲ್ಲಿ ಹೊಸದಾಗಿ ಪರಿಚಯವಾದವರು, ‘ನಿಮ್ಮ ಹಿರಿಯರು ಯಾವ ದೇಶದಿಂದ ಬಂದವರು?’ ಎಂದು ಕೇಳುತ್ತಾರೆ. ಕೇಳಬಾರದೆಂದೇ ಅವರ ನಿಯಮ. ಸುಮಾರು ಸಾವಿರದ ಎಂಟುನೂರು ವರ್ಷಗಳ ಹಿಂದೆ ಕ್ರೋಡೀಕರಿಸಿದ ಮಿಶ್ನಾ ಎಂಬ ಗ್ರಂಥದಲ್ಲಿ, ಮತಾಂತರ ಹೊಂದಿದವರ ಮಕ್ಕಳಿಗೆ ಅವರ ಪೂರ್ವಿಕರ ನಡತೆಯನ್ನು ನೆನಪಿಸಿ ನೋಯಿಸಬಾರದೆಂದು ಸ್ಪಷ್ಟವಾಗಿಯೇ ಇದೆಯಂತೆ. ನಿಯಮ ಮಾಡಬೇಕಾಗಿ ಬಂತೆಂದರೆ ಆಗಲೂ ಕೇಳುವವರಿದ್ದರೆಂದೇ ಅರ್ಥವಲ್ಲವೇ!

ಆಕೆ ಹೇಳಿದ ಒಂದು ಹಳೆಯ ಕಥೆಯನ್ನು ಇಲ್ಲಿ ಬರೆಯದೆ ಇರಲಾರೆವು. ಹನ್ನೆರಡನೆಯ ಶತಮಾನದಲ್ಲಿ ಓಬದ್ಯನೆಂಬ ಮತಾಂತರಿಯೊಬ್ಬನು ಕೈರೋವಿನ ಮಹಾಪಂಡಿತ ಮೈಮೊನಿಡೀಸನಿಗೆ ಪತ್ರ ಬರೆದು ಕೇಳಿದನು: ಪ್ರಾರ್ಥನೆಯಲ್ಲಿ ‘ನಮ್ಮ ಪಿತೃಗಳ ದೇವರೇ’ ಎಂಬ ಮಾತು ಬರುತ್ತದೆ, ಆ ಪಿತೃಗಳು ನನ್ನವರಲ್ಲ, ನಾನು ಆ ಮಾತನ್ನು ಆಡಬಹುದೇ? ಆಡಬಹುದು, ಆಡಲೇಬೇಕು, ಅಬ್ರಹಾಮನ ದಾರಿ ಹಿಡಿದವರಿಗೆಲ್ಲ ಅವನೇ ತಂದೆ ಎಂಬುದು ಪಂಡಿತನು ಕೊಟ್ಟ ಉತ್ತರದ ತಾತ್ಪರ್ಯ. ಇದೇ ಹೆಸರಿನ ಇನ್ನೊಬ್ಬನಿದ್ದನು. ದಕ್ಷಿಣ ಇಟಲಿಯ ಒಪ್ಪಿದೊ ಎಂಬ ಊರಿನ ನಾರ್ಮನ್ ಮನೆತನದವನು, ಕ್ರೈಸ್ತನಾಗಿ ಹುಟ್ಟಿದ ಯೋಹಾನ. 1102ರಲ್ಲಿ ಯೆಹೂದ್ಯನಾಗಿ ಓಬದ್ಯನಾದನು. ಕ್ರೈಸ್ತರ ರಾಜ್ಯದಲ್ಲಿ ಹಾಗೆ ಬಾಳುವಂತಿರಲಿಲ್ಲ. ಮುಂದೆ 1222ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಯೆಹೂದ್ಯನಾದ ಒಬ್ಬ ಸಭಾಸೇವಕನನ್ನು ಜೀವಂತ ಸುಟ್ಟರು. ನಮ್ಮ ಮತದವರ ಕೈಯಿಂದಲೇ ಆದದ್ದು ಅದು. ಹಟ್ಟಿಯವರ ಮೌನದ ಬಗ್ಗೆ ದೂರುವಾಗ ನಾವು ಇದನ್ನೂ ನೆನೆಯಬೇಕು. ಓಬದ್ಯ ಅಲೆಪ್ಪೊ, ಬಾಗ್ದಾದುಗಳನ್ನು ದಾಟಿ ಈಜಿಪ್ಟಿಗೆ ಬಂದನು. ಅಲ್ಲಿ, ಕೈರೋವಿನ ಹಳೆಯ ಸಭಾಮಂದಿರದ ಕಾಗದದ ರಾಶಿಯಲ್ಲಿ, ಅವನ ಕೈಬರಹದ ಹಾಳೆಗಳು ದೊರೆತಿವೆ. ಹೀಬ್ರೂ ಮಾತುಗಳು, ಅವುಗಳ ಮೇಲೆ, ಚರ್ಚಿನಲ್ಲಿ ಕಲಿತ ರಾಗದ ಗುರುತುಗಳು. ಯೆಹೂದ್ಯ ಸಂಗೀತವನ್ನು ಬರಹದಲ್ಲಿ ಹಿಡಿದಿಟ್ಟ ಅತ್ಯಂತ ಹಳೆಯ ಹಾಳೆಗಳು ಅವೇ. ಎಲ್ಲವನ್ನೂ ಬಿಟ್ಟುಬಂದವನು ಕೈಯ ಅಭ್ಯಾಸವನ್ನು ಬಿಟ್ಟುಬರಲಾಗಲಿಲ್ಲ.

ಅತ್ತೆ ಇದನ್ನು ಕೇಳಿ ಖುಷಿಪಟ್ಟರು. ಅವರ ಬಳಿ ಇರುವುದೂ ಅಂಥದೇ ಒಂದು ಪುಸ್ತಕ: ಜರ್ಮನ್ ರಾಗಗಳಿಗೆ ಹೊಂದಿಸಿದ ಕನ್ನಡ ಗೀತೆಗಳದು. ಅತ್ತೆಯ ಬಾಲ್ಯದಲ್ಲಿ ನಮ್ಮ ಆರಾಧನೆ ಕನ್ನಡದಲ್ಲಿಯೇ ನಡೆಯುತ್ತಿತ್ತು. ಮನೆಯಲ್ಲಿ ಬಡಗ, ದೇವರ ಮುಂದೆ ಕನ್ನಡ. 1947ರಲ್ಲಿ ದಕ್ಷಿಣ ಇಂಡಿಯಾ ಸಭೆ ಒಂದಾಯಿತು, 1956ರಲ್ಲಿ ಭಾಷಾವಾರು ರಾಜ್ಯಗಳಾದವು, ಶಾಲೆಗಳು ತಮಿಳಿನವಾದವು. ನಮ್ಮವರ ಸಂಖ್ಯೆಯೇ ಅಲ್ಪ. ಹೆಣ್ಣುಗಂಡು ಹುಡುಕಿ ಕೊಯಮತ್ತೂರು, ತಿರುನೆಲ್ವೇಲಿಗಳ ಕಡೆಗೆ ಹೋದೆವು. ಬಂದ ಸೊಸೆಯರಿಗೆ ತಮಿಳೇ ಸರಿ. ನಮ್ಮ ಮನೆಯ ಮಟ್ಟಿಗೆ ದೇವರೂ ತಮಿಳು ಕಲಿತನು. ಯಾರನ್ನೂ ದೂರುತ್ತಿಲ್ಲ. ಆದರೆ ನಮ್ಮ ಮಕ್ಕಳು ಮುತ್ತಜ್ಜನ ಸತ್ಯವೇದದ ಮೊದಲ ಹಾಳೆಯನ್ನು ಓದಲಾರರು. ಈ ಸಂಘಕ್ಕೆ ನಾವು ಸದಸ್ಯರಾದದ್ದು ಆ ಒಂದು ಹಾಳೆಗಾಗಿ ಎಂದರೆ ಉತ್ಪ್ರೇಕ್ಷೆಯಲ್ಲ.

ಕ್ರಿಸ್ಮಸ್ ಕಳೆದ ಮೂರನೆಯ ದಿನ ಗುಡ್ಡದಾಚೆಯ ದೊಡ್ಡಪ್ಪ ತೀರಿಕೊಂಡರು. ಮುತ್ತಜ್ಜನ ತಮ್ಮನ ಮೊಮ್ಮಗ ಅವರು. ನಮ್ಮ ತಂದೆಯವರಿಗೆ ಅಣ್ಣನಾಗಬೇಕು. ಎಲ್ಲರೂ ಹೊರಟೆವು, ಅಮೆರಿಕದ ಹುಡುಗಿಯೂ ಬರುತ್ತೇನೆಂದಳು. ನಡೆದು ಹೋಗಿ, ಮರಗಳ ಕೆಳಗೆ, ನಮ್ಮ ಜಾಗದಲ್ಲಿ ನಿಂತೆವು.

ಆಕೆ ಮೆಲ್ಲಗೆ ಕೇಳಿದಳು: ‘ಅವರು ನಿಮ್ಮನ್ನು ಇಲ್ಲಿ ನಿಲ್ಲಿಸಿದ್ದು ಯಾವಾಗಿನಿಂದ?’

ಮಗಳು ಅದನ್ನು ಅತ್ತೆಗೆ ತಿಳಿಸಿದಳು. ಆಗ ಅತ್ತೆ ಹೇಳಿದ ಮಾತು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ‘ಅವರೆಲ್ಲಿ ನಿಲ್ಲಿಸಿದರು? ಅಪ್ಪನೇ ನಿಂತದ್ದು.’

ಅದನ್ನು ವಿವರಿಸುವ ಮೊದಲು ಹಟ್ಟಿಯ ಒಂದು ಪದ್ಧತಿಯನ್ನು ಹೇಳಬೇಕು. ಬಡಗರ ಶವಸಂಸ್ಕಾರದಲ್ಲಿ ‘ಕರು ಹರಚುವುದು’ ಎಂಬ ವಿಧಿಯಿದೆ. ಹಿರಿಯರೊಬ್ಬರು ಸತ್ತವನ ಪಾಪಗಳನ್ನು ಒಂದೊಂದಾಗಿ ಹಾಡಿ ಹೇಳುವರು: ಗಡಿಕಲ್ಲು ಸರಿಸಿದ್ದು, ಹರಿದುಹೋಗುವ ಹಾವನ್ನು ಕೊಂದದ್ದು, ನೆರೆಯವನ ಎಮ್ಮೆಯ ಹಾಲಿಗೆ ಕರುಬಿದ್ದು, ಅಣ್ಣತಮ್ಮಂದಿರ ನಡುವೆ ಜಗಳ ತಂದಿಟ್ಟದ್ದು. ಸತ್ತವನು ಅವನ್ನೆಲ್ಲ ಮಾಡಿದ್ದಾನೆಂದೇನೂ ಅಲ್ಲ. ಅವನ ಹಿರಿಯರು ಮಾಡಿದ್ದೂ ಅದರೊಳಗೆ ಸೇರಿದೆ. ಒಂದೊಂದಕ್ಕೂ ನೆರೆದವರೆಲ್ಲ ಪಾಪವೆಂದು ದನಿಗೂಡಿಸುವರು. ಹಿಂದೆ ಒಂದು ಕರುವಿನ ಮೇಲೆ ಕೈಯಿಟ್ಟು ಆ ಭಾರವನ್ನೆಲ್ಲ ಅದಕ್ಕೆ ದಾಟಿಸಿ ಬಿಟ್ಟುಬಿಡುತ್ತಿದ್ದರು. ಯಾಜಕಕಾಂಡದ ಹದಿನಾರನೆಯ ಅಧ್ಯಾಯವನ್ನು ಬಲ್ಲ ಪಾದ್ರಿಗಳು ಇದನ್ನು ನೋಡಿ ಬೆರಗಾದರು. ಮಹಾಯಾಜಕನು ಹೋತದ ತಲೆಯ ಮೇಲೆ ಕೈಯಿಟ್ಟು ಜನರ ಪಾಪಗಳನ್ನು ಅರಿಕೆಮಾಡಿ ಅದನ್ನು ಅಡವಿಗೆ ಅಟ್ಟುವುದು ಅಲ್ಲಿಯೂ ಇದೆ. 1909ರಲ್ಲಿ ಪ್ರಕಟವಾದ ಥರ್ಸ್ಟನ್ನರ ಸಂಪುಟಗಳಲ್ಲಿ ಈ ವಿಧಿಯ ವಿವರವನ್ನು ನೋಡಬಹುದು.

ಬೆರಗಾಗುವುದು ಬೇರೆ, ಒಪ್ಪುವುದು ಬೇರೆ. ಅಜ್ಜ ತಮ್ಮ ಚಿಕ್ಕಪ್ಪನ ಸಾವಿನಲ್ಲಿ ಮುಂದೆ ನಿಂತು, ಎಲ್ಲರೊಡನೆ ದನಿಗೂಡಿಸಿದರಂತೆ. ಸುದ್ದಿ ಸಭೆಯ ಹಿರಿಯರನ್ನು ಮುಟ್ಟಿತು. ಆರು ತಿಂಗಳ ಕಾಲ ಅಜ್ಜನಿಗೆ ಕರ್ತನ ಭೋಜನವನ್ನು ಕೊಡಲಿಲ್ಲ. ಅಲ್ಲಿಂದಾಚೆಗೆ ಅಜ್ಜ ಹಟ್ಟಿಯ ಯಾವ ಸಾವಿಗೂ ಮರಗಳನ್ನು ದಾಟಿ ಮುಂದೆ ಹೋಗಲಿಲ್ಲ. ಹೋಗದಿರಲೂ ಇಲ್ಲ. ‘ಹಟ್ಟಿಯವರು ಮೊದಮೊದಲು ಕರೆದರು. ಅಪ್ಪ ತಲೆಯಾಡಿಸಿದರು. ಆಮೇಲೆ ಅವರೂ ಕರೆಯುವುದನ್ನು ಬಿಟ್ಟರು’ ಎಂದರು ಅತ್ತೆ.

ಇಷ್ಟು ವರ್ಷ ಹಟ್ಟಿಯವರು ನಮ್ಮನ್ನು ದೂರವಿಟ್ಟಿದ್ದಾರೆಂದು ತಿಳಿದಿದ್ದೆವು. ಮಕ್ಕಳಿಗೂ ಹಾಗೆಯೇ ಹೇಳಿದ್ದೆವು. ಮೊದಲ ಮತಾಂತರಿಗಳ ಕಾಲದಲ್ಲಿ ಅದು ಸುಳ್ಳೂ ಆಗಿರಲಿಲ್ಲ. ಆದರೆ ನಾವು ನಿಂತಿದ್ದ ಜಾಗಕ್ಕೆ ಬೇಲಿ ಹಾಕಿದವರು ಅವರಾಗಿರಲಿಲ್ಲ.

ಬಯಲಿನಲ್ಲಿ ಹಾಡು ಆರಂಭವಾಯಿತು. ಹುಡುಗಿ ಅದರ ಅರ್ಥವನ್ನು ಕೇಳಿ, ಮಗಳು ಹೇಳುತ್ತ ಹೋದಂತೆ, ಕಣ್ಣರಳಿಸಿ ಕೇಳುತ್ತಿದ್ದಳು. ಅವರ ದೋಷಪರಿಹಾರಕ ದಿನದಂದು ಸಭಾಮಂದಿರದಲ್ಲಿ ಎಲ್ಲರೂ ಎದ್ದುನಿಂತು ಪಾಪಗಳ ಪಟ್ಟಿಯನ್ನು ಒಟ್ಟಾಗಿ ಹೇಳುವರಂತೆ. ಅದರಲ್ಲಿ ‘ನಾನು’ ಎಂಬುದಿಲ್ಲ, ಎಲ್ಲವೂ ‘ನಾವು’. ಕದಿಯದವನೂ ಕದ್ದೆವೆಂದು ಹೇಳಬೇಕು. ‘ಮೊದಲ ವರ್ಷ ಅದನ್ನು ಹೇಳುವಾಗ ನನಗೆ ಅಳು ಬಂತು. ಅವರ ತಪ್ಪಿನಲ್ಲಿ ಪಾಲು ಕೊಟ್ಟಾಗ ನಾನು ಅವರವಳಾದೆನೆಂದು ಗೊತ್ತಾಯಿತು’ ಎಂದಳು.

ಮಗಳು ಇದನ್ನು ಅತ್ತೆಗೆ ಹೇಳಿದಳೋ ಇಲ್ಲವೋ ನೆನಪಿಲ್ಲ. ಅತ್ತೆಗೆ ಆಗ ಎಂಬತ್ತಾರು. ಕೋಲನ್ನು ಊರಿಕೊಂಡು ಮರಗಳ ನೆರಳಿನಿಂದ ಹೊರಬಂದರು. ನಮ್ಮ ಮಗ ತೋಳು ಹಿಡಿಯಲು ಓಡಿದನು. ನಾವು ಉಳಿದವರು ಮುಖ ಮುಖ ನೋಡಿಕೊಂಡೆವು. ಅಣ್ಣ ಸಭೆಯ ಲೆಕ್ಕಪತ್ರ ನೋಡುವವರು; ಎರಡು ಹೆಜ್ಜೆ ಮುಂದಿಟ್ಟು ನಿಂತರು. ನಾವೂ ಅಷ್ಟೇ ದೂರ ಹೋದೆವು. ಸತ್ಯ ಹೇಳಬೇಕೆಂದರೆ ಆ ದಿನ ಅದಕ್ಕಿಂತ ಮುಂದೆ ಹೋಗಲು ನಮಗೆ ಕಾಲು ಬರಲಿಲ್ಲ. ಜನ ದಾರಿ ಬಿಟ್ಟರು. ಅತ್ತೆ ಹೆಂಗಸರ ಸಾಲಿನಲ್ಲಿ ಹೋಗಿ ನಿಂತರು. ಗಡಿಕಲ್ಲಿನ ಪಾಪ ಬಂದಾಗ ಅವರ ತುಟಿಯೂ ಉಳಿದವರೊಡನೆ ಆಡಿದ್ದನ್ನು ದೂರದಿಂದ ಕಂಡೆವು. ಮುಗಿದ ಮೇಲೆ ದೊಡ್ಡಪ್ಪನ ಮಗ, ಅರುವತ್ತು ದಾಟಿದ ಗಂಡಸು, ಬಂದು ಅತ್ತೆಯ ಮುಂದೆ ತಲೆ ಬಾಗಿದನು. ನಮ್ಮಲ್ಲಿ ಕಿರಿಯರು ಹಾಗೆ ಬಾಗಿದರೆ ಹಿರಿಯರು ತಲೆಯ ಮೇಲೆ ಕೈಯಿಟ್ಟು ಹರಸುವರು. ಹಟ್ಟಿಯಲ್ಲಿಯೂ ಹಾಗೆಯೇ, ನಮ್ಮ ಮನೆಗಳಲ್ಲಿಯೂ ಹಾಗೆಯೇ. ಅದೊಂದನ್ನು ಯಾವ ಸಭೆಯೂ ಬಿಡಿಸಲಿಲ್ಲ. ಅತ್ತೆ ಕೈಯಿಟ್ಟರು.

ಮುಂದಿನ ಭಾನುವಾರ ಅತ್ತೆ ಎಂದಿನಂತೆ ಎರಡನೆಯ ಬೆಂಚಿನಲ್ಲಿ ಕೂತರು. ಯಾರೂ ಏನೂ ಕೇಳಲಿಲ್ಲ. ಕೇಳಬೇಕಾದ ಹಿರಿಯರೆಲ್ಲ ಅವರಿಗಿಂತ ಚಿಕ್ಕವರು. ತಮಿಳು ಗೀತೆಯ ಸಂಖ್ಯೆಯನ್ನು ಹೇಳಿದರು. ಅದು ಹಳೆಯ ಜರ್ಮನ್ ರಾಗ. ಅತ್ತೆ ಚೀಲದಿಂದ ತಮ್ಮ ಪುಸ್ತಕವನ್ನು ತೆಗೆದು, ಹಾಳೆ ಹುಡುಕಿ, ಎಲ್ಲರೂ ತಮಿಳಿನಲ್ಲಿ ಹಾಡುತ್ತಿರಲು ಅದೇ ರಾಗಕ್ಕೆ ಕನ್ನಡದಲ್ಲಿ ಹಾಡಿದರು. ನಮ್ಮ ಮಗ ಪಕ್ಕದಲ್ಲಿ ಕೂತು, ಬೆರಳಿಟ್ಟು, ಅಕ್ಷರಗಳನ್ನು ಕೂಡಿಸಿಕೊಳ್ಳುತ್ತಿದ್ದನು.